ಬಂಡೆಯ ಬಿರುಕಿನಲ್ಲಿ ಒಂದು ಮರುಭೂಮಿ

ಮರುಭೂಮಿ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರ ಒಂದೇ: ದಿಗಂತದವರೆಗೆ ಹಬ್ಬಿದ ಮರಳು, ಅದರ ಮೇಲೆ ಸಾಲಾಗಿ ಸಾಗುವ ಒಂಟೆಗಳು, ಎಲ್ಲಿಯೂ ಹಸಿರಿನ ಸುಳಿವಿಲ್ಲದ ಬಯಲು. ಆದರೆ ಮರುಭೂಮಿಯನ್ನು ಶಾಸ್ತ್ರಜ್ಞರು ಗುರುತಿಸುವುದು ಮರಳಿನಿಂದಲ್ಲ, ನೀರಿನ ಲೆಕ್ಕದಿಂದ. ಮಳೆಯಾಗಿ ಬೀಳುವ ನೀರಿಗಿಂತ, ಬಿಸಿಲೂ ಗಾಳಿಯೂ ಸೇರಿ ಆವಿಯಾಗಿ ಎಳೆದುಕೊಳ್ಳಬಲ್ಲ ನೀರು ಎಲ್ಲಿ ಹಲವು ಪಟ್ಟು ಹೆಚ್ಚಾಗಿದೆಯೋ ಆ ನೆಲವೇ ಶುಷ್ಕಭೂಮಿ. ಅಲ್ಲಿ ಮರಳಿರಬಹುದು, ಜಲ್ಲಿಯಿರಬಹುದು, ಬರಿಯ ಬಂಡೆಯೂ ಇರಬಹುದು. ಒಂದೊಂದು ಬಗೆಯ ನೆಲಕ್ಕೂ ಅದರದೇ ಆದ ಸಸ್ಯಸಮೂಹವುಂಟು. ಮರಳಿನಲ್ಲಿ ಸೊಗಸಾಗಿ ಬೆಳೆಯುವ ಮರವು ಬಂಡೆಯ ಮೇಲೆ ಬದುಕಲಾರದು. ಬಂಡೆಯ ಬಿರುಕಿನಲ್ಲಿ ಬೇರೂರಿದ ಗಿಡವು ಮರಳಿಗೆ ಒಗ್ಗದೆ ಹೋಗಬಹುದು.

ಈ ಮಾತನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಕಣ್ಣಾರೆ ಕಂಡು ತಿಳಿಯಲು ನಮ್ಮ ದೇಶದಲ್ಲಿಯೇ ಒಂದು ಉತ್ತಮವಾದ ಸ್ಥಳವಿದೆ. ಅದು ರಾಜಸ್ಥಾನದ ಜೋಧಪುರ ನಗರದಲ್ಲಿ, ಮೆಹ್ರಾನ್‌ಗಢ ಕೋಟೆಯ ಮಗ್ಗುಲಲ್ಲಿರುವ ರಾವ್ ಜೋಧಾ ಮರುಭೂಮಿ ಶಿಲೋದ್ಯಾನ. 1459ರಲ್ಲಿ ಜೋಧಪುರವನ್ನು ಸ್ಥಾಪಿಸಿದ ರಾವ್ ಜೋಧಾ ಎಂಬ ಅರಸನ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ವಿಸ್ತೀರ್ಣ ಸುಮಾರು 70 ಹೆಕ್ಟೇರ್, ಎಂದರೆ 170 ಎಕರೆಗೆ ತುಸು ಹೆಚ್ಚು. ಕೋಟೆಯ ಆಡಳಿತ ನೋಡಿಕೊಳ್ಳುವ ಮೆಹ್ರಾನ್‌ಗಢ ವಸ್ತುಸಂಗ್ರಹಾಲಯ ಟ್ರಸ್ಟ್ 2006ರಲ್ಲಿ ಈ ಕಾರ್ಯವನ್ನು ಕೈಗೊಂಡಿತು. 2011ರಲ್ಲಿ ಉದ್ಯಾನವು ಸಾರ್ವಜನಿಕರಿಗೆ ತೆರೆಯಿತು. ಇದನ್ನು ರೂಪಿಸಿದವರು ದೆಹಲಿಯ ಮರಗಳನ್ನು ಕುರಿತು ಪ್ರಸಿದ್ಧ ಗ್ರಂಥವನ್ನು ಬರೆದ ಪ್ರದೀಪ್ ಕ್ರಿಷೆನ್ ಅವರು.

ಉದ್ಯಾನವೆಂದರೆ ಹುಲ್ಲುಹಾಸು, ಹೂವಿನ ಮಡಿ, ಕಾರಂಜಿಗಳನ್ನು ಇಲ್ಲಿ ಹುಡುಕಬಾರದು. ಇಲ್ಲಿರುವುದು ಕಂದುಗೆಂಪಿನ ಬಂಡೆ, ಮುಳ್ಳಿನ ಪೊದೆ, ಹಾಲುಗಳ್ಳಿಯ ಹಿಂಡು. ಆದರೂ ಇದು ಮನುಷ್ಯರು ಬೆವರು ಸುರಿಸಿ ಮರಳಿ ಕಟ್ಟಿದ ನಿಸರ್ಗ. ಅದನ್ನು ಕಟ್ಟಿದ ಬಗೆ, ಕಟ್ಟಲು ಬಂದ ಕಾರಣ ಇವೆರಡೂ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸತಕ್ಕವು.

ಬೆಂಕಿಯಿಂದ ಹುಟ್ಟಿದ ನೆಲ

ಮೊದಲು ಕಾಲಕೆಳಗಿನ ನೆಲವನ್ನು ನೋಡೋಣ. ಜೋಧಪುರದ ಗುಡ್ಡಗಳು ರಯೊಲೈಟ್ ಎಂಬ ಜ್ವಾಲಾಮುಖಿ ಶಿಲೆಯ ಜಾತಿಗೆ ಸೇರಿದವು. ಸುಮಾರು 75 ಕೋಟಿ ವರ್ಷಗಳ ಹಿಂದೆ ಪಶ್ಚಿಮ ರಾಜಸ್ಥಾನದ ವಿಶಾಲ ಪ್ರದೇಶದಲ್ಲಿ ಜ್ವಾಲಾಮುಖಿಗಳು ಕಾರಿದ ದ್ರವ್ಯವೇ ಇಂದಿನ ಈ ಬಂಡೆ. ಭೂವಿಜ್ಞಾನಿಗಳು ಇದನ್ನು ಮಾಲಾನಿ ಶಿಲಾಸಮೂಹವೆಂದು ಕರೆಯುತ್ತಾರೆ. ಇದರ ಹರವು ಸುಮಾರು 50,000 ಚದರ ಕಿಲೋಮೀಟರುಗಳು. ದಖನ್ ಪ್ರಸ್ಥಭೂಮಿಯ ಕಪ್ಪುಶಿಲೆಯನ್ನು ಕೊಟ್ಟ ಶಿಲಾರಸವು ತೆಳುವಾಗಿದ್ದು ದೂರದೂರಕ್ಕೆ ಹರಿಯಿತು. ಮಾಲಾನಿಯ ಶಿಲಾರಸದಲ್ಲಾದರೋ ಸಿಲಿಕದ ಅಂಶ ಹೆಚ್ಚು. ಸಿಲಿಕ ಹೆಚ್ಚಿದಷ್ಟೂ ಶಿಲಾರಸ ಅಂಟಂಟಾಗುವುದು. ಅದರೊಳಗೆ ಸಿಕ್ಕಿಕೊಂಡ ಅನಿಲಗಳು ಸುಲಭವಾಗಿ ಹೊರಬರಲಾರದೆ, ಒತ್ತಡ ಮಿತಿಮೀರಿದಾಗ ಸಿಡಿಯುವುವು. ಹಾಗೆ ಸಿಡಿದ ಕುದಿಬೂದಿಯು ನೆಲದ ಮೇಲೆ ಬಿದ್ದು, ಇನ್ನೂ ಬಿಸಿಯಾಗಿರುವಾಗಲೇ ಒಂದಕ್ಕೊಂದು ಬೆಸೆದು ಕಲ್ಲಾಯಿತು.

ಈ ಕಲ್ಲಿನಲ್ಲಿ ಕೆಲವೆಡೆ ಉದ್ದುದ್ದನೆಯ ಕಂಬಗಳ ಆಕೃತಿ ಕಾಣುವುದುಂಟು. ಬೇಸಗೆಯಲ್ಲಿ ಕೆರೆಯಂಗಳದ ಕೆಸರು ಒಣಗಿ ಕುಗ್ಗುವಾಗ ಹೇಗೆ ಹೆಂಚು ಜೋಡಿಸಿದಂತೆ ಬಿರಿಯುವುದೋ, ಹಾಗೆಯೇ ತಣ್ಣಗಾಗುತ್ತ ಕುಗ್ಗಿದ ಶಿಲೆಯೂ ಬಿರಿಯುತ್ತದೆ. ಬಿರುಕುಗಳು ಮೇಲಿನಿಂದ ಒಳಕ್ಕೆ ಇಳಿದಂತೆ ಐದು ಆರು ಮುಖಗಳ ಕಂಬಗಳು ಬೇರ್ಪಡುತ್ತವೆ. ಕನ್ನಡಿಗರು ಇಂಥದನ್ನು ನೋಡಲು ರಾಜಸ್ಥಾನಕ್ಕೇ ಹೋಗಬೇಕಾಗಿಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಇದೇ ಬಗೆಯಲ್ಲಿ ಆದವು. ವಯಸ್ಸಿನಲ್ಲಿ ಅವು ಬಹಳ ಕಿರಿಯವು. ಒಂಬತ್ತು ಕೋಟಿ ವರ್ಷಗಳೊಳಗಿನವು.

ಜೋಧಪುರದ ಈ ಬಂಡೆಯ ಮೇಲೆ, ಕೋಟ್ಯಂತರ ವರ್ಷಗಳ ಅಂತರದ ಬಳಿಕ, ಮರಳುಗಲ್ಲಿನ ಪದರಗಳು ಕೂಡಿಕೊಂಡವು. ಕೋಟೆ ನಿಂತಿರುವುದು ರಯೊಲೈಟಿನ ಮೇಲೆ. ಅದನ್ನು ಕಟ್ಟಿರುವುದು ಮರಳುಗಲ್ಲಿನಿಂದ. ಈ ಎರಡು ಶಿಲೆಗಳು ಸಂಧಿಸುವ ಸ್ಥಳವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಹಸಿರು ತಂದ ಕೇಡು

2006ರಲ್ಲಿ ಕೆಲಸ ಆರಂಭವಾದಾಗ ಈ ಗುಡ್ಡ ಬೋಳಾಗಿರಲಿಲ್ಲ. ದಟ್ಟ ಹಸಿರಾಗಿಯೇ ಇತ್ತು. ತೊಡಕಿದ್ದುದು ಆ ಹಸಿರಿನಲ್ಲಿಯೇ. ಗುಡ್ಡವನ್ನು ಆವರಿಸಿದ್ದ ಗಿಡ ಪ್ರೊಸೋಪಿಸ್ ಜೂಲಿಫ್ಲೋರಾ. ಅಲ್ಲಿಯ ಜನ ಬಾವಲಿಯಾ ಎನ್ನುತ್ತಾರೆ. ನಮಗೆ ಅದು ಬಳ್ಳಾರಿ ಜಾಲಿ ಎಂದು ಚಿರಪರಿಚಿತ. ಕರ್ನಾಟಕದ ಒಂದು ಸೀಮೆಯ ಹೆಸರು ಹೊತ್ತಿದ್ದರೂ ಅದು ನಮ್ಮ ನಾಡಿನ ಗಿಡವಲ್ಲ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದದ್ದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಭಾರತವನ್ನು ಪ್ರವೇಶಿಸಿತು. ಬೋಳು ನೆಲಕ್ಕೆ ಹಸಿರು ಹೊದಿಸಬೇಕು, ಬಡವರಿಗೆ ಸೌದೆ ಒದಗಬೇಕು ಎಂಬ ಸದುದ್ದೇಶದಿಂದ ಅನೇಕರು ಅದನ್ನು ಹರಡಿದರು. 1930ರ ದಶಕದಲ್ಲಿ ಜೋಧಪುರದ ಮಹಾರಾಜ ಉಮೈದ್ ಸಿಂಗರು ಅದರ ಬೀಜಗಳನ್ನು ವಿಮಾನದಿಂದ ಚೆಲ್ಲಿಸಿದರೆಂದು ಅಲ್ಲಿ ಹೇಳುತ್ತಾರೆ. 1940ರಲ್ಲಿ ಆ ಸಂಸ್ಥಾನವು ಅದಕ್ಕೆ ರಾಜವೃಕ್ಷದ ಮನ್ನಣೆಯನ್ನೂ ಕೊಟ್ಟಿತು.

ಗಿಡವೇನೋ ನಿರೀಕ್ಷೆ ಮೀರಿ ಹರಡಿತು. ಅದರ ಸಿಹಿಯಾದ ಕಾಯನ್ನು ಆಡು ದನಗಳು ತಿನ್ನುತ್ತವೆ. ಬೀಜ ಮಾತ್ರ ಜೀರ್ಣವಾಗದೆ ಸಗಣಿ ಹಿಕ್ಕೆಗಳೊಡನೆ ಹೊಸ ನೆಲ ಸೇರುತ್ತದೆ. ಎಲೆಯನ್ನು ಅವು ಮುಟ್ಟುವುದು ಅಪರೂಪ. ಕಡಿದರೆ ಬುಡದಿಂದ ಹತ್ತು ಕವಲಾಗಿ ಚಿಗುರುತ್ತದೆ. ಬೇರು ಆಳಕ್ಕೂ ಅಗಲಕ್ಕೂ ಹಬ್ಬಿ ಸುತ್ತಣ ತೇವವನ್ನು ಹೀರುತ್ತದೆ. ಉದುರಿದ ಎಲೆಗಳಿಂದ ಇಳಿಯುವ ರಾಸಾಯನಿಕಗಳು ಇತರ ಬೀಜಗಳ ಮೊಳಕೆಯನ್ನು ತಡೆಯುವುದೂ ಪರೀಕ್ಷೆಗಳಿಂದ ತಿಳಿದುಬಂದಿದೆ. ಹೀಗಾಗಿ ದೂರದಿಂದ ನೋಡಿದವರಿಗೆ ಗುಡ್ಡ ಹಸಿರಾಗಿ ಕಂಡರೂ, ಸಾವಿರಾರು ವರ್ಷಗಳಿಂದ ಅಲ್ಲಿದ್ದ ಹತ್ತಾರು ಜಾತಿಯ ಗಿಡ, ಹುಲ್ಲು, ಬಳ್ಳಿಗಳು ಒಂದೊಂದಾಗಿ ಹಿಂದೆ ಸರಿದವು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಬಳ್ಳಾರಿ ಜಾಲಿಯಿಂದ ಎಷ್ಟೋ ಬಡ ಕುಟುಂಬಗಳ ಒಲೆ ಉರಿದಿದೆ. ಅದರ ಇದ್ದಿಲು ಸುಟ್ಟು ಮಾರಿ ಜೀವಿಸಿದವರಿದ್ದಾರೆ. ಗಿಡವನ್ನು ದೂಷಿಸಿ ಪ್ರಯೋಜನವಿಲ್ಲ. ತಪ್ಪಿದ್ದುದು ಮರುಭೂಮಿಯನ್ನು ಖಾಲಿ ಜಾಗವೆಂದು ಭಾವಿಸಿ, ಯಾವ ಹಸಿರಾದರೂ ಆದೀತು ಎಂದುಕೊಂಡ ಎಣಿಕೆಯಲ್ಲಿ.

ಕಲ್ಲಿನ ದನಿ ಬಲ್ಲವರು

ಮಣ್ಣಿನ ನೆಲದಲ್ಲಾದರೆ ಗಿಡವನ್ನು ಬುಡಸಮೇತ ಕೀಳಬಹುದು. ಬಂಡೆಯ ಬಿರುಕಿನೊಳಕ್ಕೆ ಇಳಿದ ಬೇರನ್ನು ಕೀಳುವುದೆಂತು? ಮದ್ದು ಸಿಡಿಸಿದರೆ ಬಂಡೆಯೇ ಹಾಳಾಗುವುದು. ನೆಲದ ಮಟ್ಟಕ್ಕೆ ಕಡಿದರೆ, ಕೆಳಗಿನ ಬುಡದಲ್ಲಿ ಅಡಗಿರುವ ಮೊಗ್ಗುಗಳು ಮತ್ತೆ ಚಿಗುರುವುವು. ಆ ಮೊಗ್ಗುಗಳಿರುವಷ್ಟು ಆಳಕ್ಕೆ ಬಂಡೆಯನ್ನು ಅಗೆದು ಬುಡವನ್ನು ತೆಗೆಯುವುದೊಂದೇ ದಾರಿಯೆಂದು ಕಂಡುಬಂದಿತು.

ಈ ಕೆಲಸಕ್ಕೆ ನೆರವಾದವರು ಖಂಡವಾಲಿಯಾ ಎಂಬ, ತಲೆತಲಾಂತರದಿಂದ ಗಣಿಗಳಲ್ಲಿ ಕಲ್ಲು ಕಡಿಯುತ್ತ ಬಂದ ಜನ. ಸುತ್ತಿಗೆ ಉಳಿಗಳೇ ಅವರ ಉಪಕರಣ. ಅವರು ಬಂಡೆಯನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಹೊರಡುವ ದನಿಯನ್ನು ಆಲಿಸಿ, ಒಳಗಿನ ರಚನೆಯನ್ನು ಊಹಿಸಬಲ್ಲರು. ಇದರಲ್ಲಿ ಮಂತ್ರವೇನೂ ಇಲ್ಲ; ಶಬ್ದಶಾಸ್ತ್ರದ ಸರಳ ತತ್ವವಿದೆ. ಒಡಕಿಲ್ಲದ ಕಲ್ಲಿನಲ್ಲಿ ಕಂಪನವು ಅಡೆತಡೆಯಿಲ್ಲದೆ ಓಡಾಡಿ, ದನಿ ಸ್ಪಷ್ಟವಾಗಿ ಮೊಳಗುತ್ತದೆ. ಒಳಗೆ ಬಿರುಕಿದ್ದರೆ ಕಂಪನದ ಶಕ್ತಿ ಅಲ್ಲಿ ಚದುರಿ, ತಿಕ್ಕಾಟದಲ್ಲಿ ಕರಗಿ, ದನಿ ಮಂಕಾಗುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದೂ ಇದೇ ಪರೀಕ್ಷೆ. ಬಿರುಕೆಲ್ಲಿದೆಯೆಂದು ತಿಳಿದರೆ ಉಳಿಯನ್ನು ಎಲ್ಲಿಡಬೇಕೆಂಬುದೂ ತಿಳಿಯಿತು.

ಹೀಗೆ ಒಂದೊಂದೇ ಬುಡವನ್ನು ತೆಗೆದ ಮೇಲೆ ಬಂಡೆಯಲ್ಲಿ ಕುಳಿಗಳು ಉಳಿದವು. ಅವುಗಳನ್ನು ಮುಚ್ಚಲಿಲ್ಲ. ಬಂಡೆಗೆ ಒಗ್ಗಿದ ದೇಶೀಯ ಗಿಡಗಳ ಬೀಜಗಳನ್ನು ಥಾರ್ ಪ್ರದೇಶದಲ್ಲಿ ಅಲೆದು ಸಂಗ್ರಹಿಸಿ, ಸಸಿ ಬೆಳೆಸಿ, ಆ ಕುಳಿಗಳಲ್ಲಿಯೇ ಮಣ್ಣು ತುಂಬಿ ನೆಟ್ಟರು. ಬಳ್ಳಾರಿ ಜಾಲಿ ಬೇರೂರಿದ್ದ ಸ್ಥಳವೆಂದರೆ ಬಂಡೆಯಲ್ಲಿ ನೀರು ಇಳಿಯುವ ಸಂದು ಇದ್ದ ಸ್ಥಳವೇ ಆಗಿರಬೇಕಷ್ಟೆ. ಕೇಡು ಮಾಡಿದ ಗಿಡವೇ ಹೊಸ ಗಿಡಕ್ಕೆ ತಾಣವನ್ನು ಗುರುತಿಸಿಕೊಟ್ಟಂತಾಯಿತು.

ಬಿರುಕಿನೊಳಗಿನ ಲೆಕ್ಕ

ಬಂಡೆಯ ಬಿರುಕಿನಲ್ಲಿ ಗಿಡವೊಂದು ಹೇಗೆ ಬದುಕೀತೆಂಬ ಸಂದೇಹ ವಾಚಕರಿಗೆ ಬರುವುದು ಸಹಜ. ಸ್ವಲ್ಪ ಲೆಕ್ಕ ಹಾಕಿದರೆ ಬಿರುಕು ಅಷ್ಟೇನೂ ಬಡ ನೆಲೆಯಲ್ಲವೆಂದು ತಿಳಿಯುವುದು.

ಮೊದಲನೆಯದು ನೀರು. ಜೋಧಪುರದಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 360 ಮಿಲಿಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಬಂಡೆ ನೀರನ್ನು ಕುಡಿಯುವುದಿಲ್ಲ. ಬಿದ್ದುದು ಇಳಿಜಾರಿನಲ್ಲಿ ಹರಿದು ಸಂದುಗಳನ್ನು ಸೇರುತ್ತದೆ. ಒಂದು ಬಿರುಕಿಗೆ ಹತ್ತು ಚದರ ಮೀಟರ್ ಬಂಡೆಯ ನೀರು ಹರಿದು ಬರುವುದಾದರೆ, ವರ್ಷಕ್ಕೆ 3,600 ಲೀಟರ್ ಆಯಿತು. ಅರ್ಧದಷ್ಟು ಆವಿಯಾಗಿ ನಷ್ಟವಾದರೂ 1,800 ಲೀಟರ್ ಉಳಿಯುವುದು. ಬಯಲಿನ ಮಣ್ಣಿನಲ್ಲಿ ಒಂದು ಚದರ ಮೀಟರಿನ ಗಿಡಕ್ಕೆ ಸಿಗುವ ಮಳೆ 360 ಲೀಟರ್ ಮಾತ್ರ. ಬಂಡೆಯೇ ಬಿರುಕಿನ ಜಲಾನಯನ ಪ್ರದೇಶ.

ಎರಡನೆಯದು ಶಾಖ. ಬೇಸಗೆಯ ಮಧ್ಯಾಹ್ನ ಇಲ್ಲಿಯ ಬಂಡೆಯನ್ನು ಬರಿಗಾಲಿನಿಂದ ಮೆಟ್ಟಲಾಗದು. ಇರುಳಾದರೆ, ಒಣ ಗಾಳಿಯಲ್ಲಿ ನೀರಾವಿಯ ಹೊದಿಕೆ ತೆಳುವಾಗಿರುವುದರಿಂದ, ಬಂಡೆಯ ಶಾಖ ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಬೇಗ ಹೊರಟುಹೋಗುವುದು. ಹೀಗೆ ಮೇಲ್ಮೈಯಲ್ಲಿ ಹಗಲಿರುಳಿನ ಏರಿಳಿತ ಬಲು ದೊಡ್ಡದು. ಆದರೆ ಈ ಏರಿಳಿತ ಬಂಡೆಯೊಳಕ್ಕೆ ಅಲೆಯಂತೆ ಇಳಿಯುವಾಗ ಕ್ಷೀಣಿಸುತ್ತದೆ. ಉಷ್ಣವಾಹಕತೆಯ ಸೂತ್ರವನ್ನು ಸಾಮಾನ್ಯ ಶಿಲೆಗೆ ಅನ್ವಯಿಸಿದರೆ, ಸುಮಾರು 16 ಸೆಂಟಿಮೀಟರ್ ಆಳ ಹೋದಂತೆಲ್ಲ ಏರಿಳಿತವು ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಿಗೆ ಇಳಿಯುವುದೆಂದು ಬರುತ್ತದೆ. ಅರ್ಧ ಮೀಟರ್ ಆಳದಲ್ಲಿ ಉಳಿಯುವುದು ಇಪ್ಪತ್ತನೆಯ ಒಂದು ಪಾಲು. ಮೇಲೆ 40 ಡಿಗ್ರಿ ಸೆಂಟಿಗ್ರೇಡಿನ ವ್ಯತ್ಯಾಸವಿದ್ದರೆ ಅಲ್ಲಿ ಕೇವಲ ಎರಡು ಡಿಗ್ರಿ! ಅಲ್ಲದೆ ಅಲೆಯು ಅಷ್ಟು ಆಳಕ್ಕೆ ಇಳಿಯಲು ಸುಮಾರು ಹನ್ನೆರಡು ಗಂಟೆ ಹಿಡಿಯುವುದು. ಮೇಲಿನ ಬಂಡೆ ಕಾದು ಕೆಂಡವಾಗಿರುವ ವೇಳೆಯೇ ಕೆಳಗೆ ದಿನದ ಅತ್ಯಂತ ತಂಪಾದ ವೇಳೆ. ಬೇರಷ್ಟೇ ಅಲ್ಲ, ಹಲ್ಲಿ ಹಾವುರಾಣಿಗಳೂ ಈ ಲೆಕ್ಕವನ್ನು ಕಲಿಯದೆಯೇ ಬಲ್ಲವು.

ಎಲೆಯನ್ನು ಕಿರಿದು ಮಾಡುವ ಜಾಣ್ಮೆ

ಬೇರಿಗೆ ನೆಲೆ ಸಿಕ್ಕಿತು. ಮೇಲಿನ ಭಾಗವಾದರೋ ಬಿಸಿಲನ್ನು ಎದುರಿಸಲೇಬೇಕು. ಉದ್ಯಾನದಲ್ಲಿ ನಡೆಯುವಾಗ ಗಿಡಗಳ ಎಲೆಗಳನ್ನು ಹೋಲಿಸಿ ನೋಡಬೇಕು. ಜಾಲಿಯ ಬಳಗದ ಕುಮಟ್ ಎಂಬ ಮರದ ಕಿರುಎಲೆಗಳು ಕೆಲವೇ ಮಿಲಿಮೀಟರ್ ಉದ್ದ. ಅದಕ್ಕೆ ಕಾರಣವುಂಟು. ಪ್ರತಿಯೊಂದು ಎಲೆಯ ಮೇಲೂ ನಿಶ್ಚಲವಾದ ಗಾಳಿಯ ತೆಳುಪದರ ಅಂಟಿಕೊಂಡಿರುತ್ತದೆ. ಅದು ಕಂಬಳಿಯಂತೆ ಶಾಖವನ್ನು ತಡೆದಿಡುತ್ತದೆ. ಈ ಪದರದ ದಪ್ಪವು ಎಲೆಯ ಉದ್ದದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಮಂದಮಾರುತದಲ್ಲಿ ಹತ್ತು ಸೆಂಟಿಮೀಟರಿನ ಎಲೆಗೆ ಪದರವು ಒಂದು ಮಿಲಿಮೀಟರಿಗಿಂತ ಹೆಚ್ಚಾದರೆ, ನಾಲ್ಕು ಮಿಲಿಮೀಟರಿನ ಕಿರುಎಲೆಗೆ ಅದರ ಐದನೆಯ ಒಂದು ಪಾಲು. ಆದುದರಿಂದ ಕಿರುಎಲೆಯು ತನ್ನ ಶಾಖವನ್ನು ನೇರವಾಗಿ ಗಾಳಿಗೆ ಬಿಟ್ಟುಕೊಟ್ಟು, ಅಮೂಲ್ಯವಾದ ನೀರನ್ನು ಬೆವರಿನಂತೆ ಖರ್ಚು ಮಾಡದೆ ತಂಪಾಗಿರಬಲ್ಲುದು.

ಕೇರ್ ಎಂಬ ಪೊದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ವರ್ಷದ ಬಹುಪಾಲು ಅದಕ್ಕೆ ಎಲೆಯೇ ಇಲ್ಲ. ಹಸಿರು ಕಡ್ಡಿಗಳೇ ಸೂರ್ಯನ ಬೆಳಕಿನಿಂದ ಆಹಾರ ತಯಾರಿಸುತ್ತವೆ. ಅದರ ಕಾಯನ್ನು ರಾಜಸ್ಥಾನದವರು ಉಪ್ಪಿನಕಾಯಿಗೂ ಪಲ್ಯಕ್ಕೂ ಬಳಸುತ್ತಾರೆ. ಗುಗ್ಗುಳದ ಗಿಡವು ಮಳೆಗಾಲದಲ್ಲಿ ಎಲೆಬಿಟ್ಟು, ಬರಗಾಲದಲ್ಲಿ ಸತ್ತಂತೆ ನಿಲ್ಲುತ್ತದೆ.

ಬಂಡೆಯ ಮೇಲೆ ಹಿಂಡುಹಿಂಡಾಗಿ ನಿಂತಿರುವ ಥೋರ್ ಎಂಬುದು ನಮ್ಮ ಹಾಲುಗಳ್ಳಿಗಳ ಬಂಧು. ನೋಡಿದವರು ಇದನ್ನು ಪಾಪಾಸುಕಳ್ಳಿಯ ಜಾತಿಯೆಂದು ಎಣಿಸುವುದುಂಟು. ಪಾಪಾಸುಕಳ್ಳಿ ಅಮೆರಿಕದ ಮೂಲದ್ದು. ಥೋರ್ ನಮ್ಮ ನೆಲದ್ದು. ಎರಡರ ವಂಶವೂ ಬೇರೆ. ಮುರಿದರೆ ಹಾಲು ಬರುವುದೇ ಥೋರಿನ ಗುರುತು. ಒಂದೇ ಬಗೆಯ ಕಷ್ಟಕ್ಕೆ ಎರಡು ಖಂಡಗಳ ಸಸ್ಯಗಳು ಪ್ರತ್ಯೇಕವಾಗಿ ಒಂದೇ ಬಗೆಯ ಉತ್ತರವನ್ನು ಕಂಡುಕೊಂಡಿವೆ: ದಪ್ಪ ಕಾಂಡದಲ್ಲಿ ನೀರಿನ ಸಂಗ್ರಹ, ಮುಳ್ಳಿನ ಕಾವಲು. ಇಂಥ ರಸಭರಿತ ಸಸ್ಯಗಳಲ್ಲಿ ಅನೇಕವು ಹಗಲಿನಲ್ಲಿ ತಮ್ಮ ರಂಧ್ರಗಳನ್ನು ಮುಚ್ಚಿಕೊಂಡಿದ್ದು, ತಂಪಾದ ಇರುಳಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಕ್ಕೆ ಸೆಳೆದು, ಆಮ್ಲರೂಪದಲ್ಲಿ ಕೂಡಿಟ್ಟು, ಮರುದಿನದ ಬೆಳಕಿನಲ್ಲಿ ಬಳಸಿಕೊಳ್ಳುತ್ತವೆ. ಥೋರಿನ ಮುಳ್ಳುಹಿಂಡಿನ ನಡುವೆ ಮೊಳೆತ ಇತರ ಸಸಿಗಳು ಆಡುಗಳ ಬಾಯಿಗೆ ಸಿಕ್ಕದೆ ಬೆಳೆಯುವುದೂ ಉಂಟು.

ಕಲಿಸುವ ಕಾಲುದಾರಿಗಳು

ಹಳೆಯ ಊರಬಾಗಿಲುಗಳಲ್ಲೊಂದಾದ ಸಿಂಘೋರಿಯಾ ಪೋಲ್ ಎಂಬ ದ್ವಾರದಲ್ಲಿ ಸಂದರ್ಶಕರ ಕೇಂದ್ರವಿದೆ. ಶಿಲೆಗಳನ್ನೂ ಸಸ್ಯಗಳನ್ನೂ ಪರಿಚಯಿಸುವ ಸಣ್ಣ ಪ್ರದರ್ಶನವನ್ನು ಅಲ್ಲಿ ಏರ್ಪಡಿಸಿದ್ದಾರೆ. ಅಲ್ಲಿಂದ ಹೊರಡುವ ಕಾಲುದಾರಿಗಳನ್ನು ಬಣ್ಣಗಳಿಂದ ಗುರುತಿಸಿದ್ದಾರೆ. ಒಂದು ದಾರಿಯು, ಹಿಂದಿನ ಕಾಲದಲ್ಲಿ ಕೋಟೆಯ ಬುಡದ ಕೆರೆಗಳಿಗೆ ಮಳೆನೀರನ್ನು ಒಯ್ಯಲು ಬಂಡೆಯಲ್ಲಿ ಕಡಿದ ಕಾಲುವೆಯೊಳಗೆ ಇಳಿಯುತ್ತದೆ. ಅಲ್ಲಿ ಎರಡು ಬದಿಗೂ ಶಿಲೆಯ ಗೋಡೆ. ಅದರ ಪದರ, ಬಿರುಕು, ಬಣ್ಣಗಳನ್ನು ಹತ್ತಿರದಿಂದ ನೋಡಬಹುದು. ಮರುಭೂಮಿಯ ಜನ ಹನಿಹನಿಯನ್ನೂ ಹೇಗೆ ಲೆಕ್ಕವಿಟ್ಟು ಕೂಡಿಸುತ್ತಿದ್ದರೆಂಬುದು ಅಲ್ಲಿ ಮನವರಿಕೆಯಾಗುತ್ತದೆ.

ಬೇಕೆಂದವರಿಗೆ ಗಿಡಮರಗಳನ್ನು ಬಲ್ಲ ಮಾರ್ಗದರ್ಶಕರು ಜೊತೆಗೆ ಬರುತ್ತಾರೆ. ಶಾಲೆಯ ಮಕ್ಕಳ ತಂಡಗಳಿಗೂ ಇದು ಬಯಲಿನ ಪಾಠಶಾಲೆ. ಮಳೆಗಾಲದಲ್ಲಿಯೂ ಅದರ ಬೆನ್ನಿಗೆ ಬರುವ ವಾರಗಳಲ್ಲಿಯೂ ಹೋದವರಿಗೆ ಹುಲ್ಲು, ಹೂ, ಚಿಟ್ಟೆಗಳು ಧಾರಾಳವಾಗಿ ಕಾಣಸಿಗುವುವು. ಬೇಸಗೆಯಲ್ಲಿ ಹೋಗುವವರು ಬೆಳಗಿನ ತಂಪಿನಲ್ಲಿಯೇ ಸುತ್ತಾಟ ಮುಗಿಸುವುದು ಒಳ್ಳೆಯದು. ಬಂಡೆಯೆಡೆಯ ಒಂದು ಸಸಿ ಕಾಲಿಗೆ ಸಿಕ್ಕಿ ಸತ್ತರೆ ಅದರ ಸ್ಥಾನಕ್ಕೆ ಇನ್ನೊಂದು ಬರಲು ವರ್ಷಗಳೇ ಬೇಕಾಗಬಹುದು; ಆದುದರಿಂದ ದಾರಿಯನ್ನು ಬಿಟ್ಟು ನಡೆಯಬಾರದು.

ಈ ಪ್ರಯೋಗಕ್ಕೆ ಮಿತಿಯೂ ಉಂಟು. 70 ಹೆಕ್ಟೇರಿನಲ್ಲಿ ಉಳಿ ಹಿಡಿದು ಮಾಡಿದ ಕೆಲಸವನ್ನು ಲಕ್ಷಾಂತರ ಹೆಕ್ಟೇರುಗಳಿಗೆ ವಿಸ್ತರಿಸುವುದು ಸುಲಭವಲ್ಲ. ಸುತ್ತಲಿಂದ ಬಳ್ಳಾರಿ ಜಾಲಿಯ ಬೀಜಗಳು ಬರುತ್ತಲೇ ಇರುವುದರಿಂದ ಕಾವಲು ತಪ್ಪುವಂತಿಲ್ಲ. ಆದರೆ ಇಲ್ಲಿ ಉಳಿದ ಗಿಡಗಳ ಬೀಜ ಮುಂದೊಂದು ದಿನ ಬೇರೆ ಗುಡ್ಡಕ್ಕೆ ಬೇಕಾದಾಗ ಒದಗುವುದು.

ನಮ್ಮ ನಾಡಿನಲ್ಲಿ

ವಿಜಯದಶಮಿಯಂದು ನಾವು ಬಂಗಾರವೆಂದು ಹಂಚಿಕೊಳ್ಳುವ ಎಲೆಯ ಬನ್ನಿಮರವೇ ರಾಜಸ್ಥಾನದ ಖೇಜ್ರಿ. ಅದು ಬಂಡೆಯ ಮರವಲ್ಲ, ಆಳವಾದ ಮಣ್ಣಿನದು. ಅದರ ನೆರಳಿನಲ್ಲಿ ಪೈರು ಕೊರಗುವುದಿಲ್ಲ; ಕಾಯಿ ಮನುಷ್ಯರಿಗೆ, ಸೊಪ್ಪು ದನಗಳಿಗೆ ಆಹಾರ. 1730ರಲ್ಲಿ ಜೋಧಪುರದ ಬಳಿಯ ಖೇಜರ್ಲಿ ಗ್ರಾಮದಲ್ಲಿ ಅರಸನ ಆಳುಗಳು ಖೇಜ್ರಿಯನ್ನು ಕಡಿಯಬಂದಾಗ, ಅಮೃತಾದೇವಿಯನ್ನು ಅನುಸರಿಸಿ 363 ಮಂದಿ ಬಿಷ್ಣೋಯಿಗಳು ಮರಗಳನ್ನು ಅಪ್ಪಿ ಪ್ರಾಣ ತೆತ್ತರೆಂದು ಪ್ರಸಿದ್ಧಿಯಿದೆ. ಬನ್ನಿಯೂ ಬಳ್ಳಾರಿ ಜಾಲಿಯೂ ಬಹುಕಾಲ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿ ಎಣಿಸಲ್ಪಟ್ಟಿದ್ದವು. 2022ರಲ್ಲಿ ಸಸ್ಯಶಾಸ್ತ್ರಜ್ಞರು ಎರಡನೆಯದನ್ನು ಬೇರೆ ಕುಲಕ್ಕೆ ಸೇರಿಸಿದರು. ನೋಟಕ್ಕೆ ನೆಂಟರಂತಿದ್ದರೂ ನೆಲದೊಡನೆ ಅವುಗಳ ವ್ಯವಹಾರ ಎಷ್ಟು ಬೇರೆ!

ನಮ್ಮಲ್ಲಿಯೂ ಬಯಲುಸೀಮೆಯ ಎಷ್ಟೋ ಕೆರೆಯಂಗಳಗಳು, ಬೀಳುಭೂಮಿಗಳು ಬಳ್ಳಾರಿ ಜಾಲಿಯ ವಶವಾಗಿವೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ, ಬಯಲು ಹುಲ್ಲುಗಾವಲನ್ನು ಬಯಸುವ ಜಿಂಕೆಗಳ ನೆಲೆಯಲ್ಲಿ, ನೀಲಗಿರಿಯ ತೋಪುಗಳು ಎದ್ದುನಿಂತವು. ಹುಲ್ಲುಗಾವಲೂ ಕುರುಚಲು ಗುಡ್ಡವೂ ಅರಣ್ಯವಾಗದೆ ಉಳಿದುಹೋದ ಕೆಟ್ಟ ನೆಲವಲ್ಲ. ಅವು ತಮ್ಮಷ್ಟಕ್ಕೆ ಪೂರ್ಣವಾದ ಜೀವಲೋಕಗಳು.

1950ರಲ್ಲಿ ಆರಂಭವಾದ ವನಮಹೋತ್ಸವವು ಪ್ರತಿವರ್ಷ ಜುಲೈ ತಿಂಗಳಲ್ಲಿ ವಿದ್ಯಾರ್ಥಿಗಳ ಕೈಗೆ ಸಸಿಗಳನ್ನು ಕೊಡುತ್ತದೆ. ಅದು ಒಳ್ಳೆಯ ಪದ್ಧತಿ. ಆದರೆ ಗುಂಡಿ ತೋಡುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಬೇಕು: ಈ ನೆಲದಲ್ಲಿ ಹಿಂದೆ ಏನಿತ್ತು? ಮಳೆ ಎಷ್ಟು? ಮಣ್ಣು ಎಷ್ಟು ಆಳ? ಈ ಸಸಿ ಎಲ್ಲಿಂದ ಬಂದದ್ದು? ಉತ್ತರಗಳಿಗಾಗಿ ದೂರ ಹೋಗಬೇಕಾಗಿಲ್ಲ. ಊರಿನ ಕುರಿಗಾಹಿಗಳನ್ನೂ ಹಿರಿಯರನ್ನೂ ವಿಚಾರಿಸಿದರೆ ಹತ್ತಿರದ ಗುಡ್ಡದ ಗಿಡಗಳ ಹೆಸರುಗಳು ದೊರೆಯುವುವು. ಒಂದು ಸಾಧಾರಣ ಉಷ್ಣತಾಮಾಪಕವನ್ನು ಅಂಗಳದ ಮಣ್ಣಿನ ಮೇಲೆಯೂ, 10 ಮತ್ತು 30 ಸೆಂಟಿಮೀಟರ್ ಆಳದಲ್ಲಿಯೂ ಇಟ್ಟು, ಎರಡು ಗಂಟೆಗೊಮ್ಮೆ ಒಂದು ದಿನವೆಲ್ಲ ಅಂಕಿಗಳನ್ನು ಬರೆದುಕೊಂಡು ನಕ್ಷೆ ಎಳೆಯಿರಿ. ಮೇಲಿನ ಗೆರೆ ಬೆಟ್ಟದಂತೆ ಏರಿಳಿದರೆ ಕೆಳಗಿನದು ಹೆಚ್ಚುಕಡಿಮೆ ಸಮತಟ್ಟಾಗಿ ಸಾಗುವುದು. ಬೇರೊಂದು ಏಕೆ ಆಳವನ್ನು ಅರಸುತ್ತದೆ ಎಂಬುದಕ್ಕೆ ಆ ನಕ್ಷೆಯೇ ಉತ್ತರ ಹೇಳುವುದು. ಆ ಬಳಿಕ ಯಾವ ಸಸಿಯನ್ನು ಎಲ್ಲಿ ನೆಡಬೇಕೆಂದು ನೀವೇ ವಿಚಾರಮಾಡಬಲ್ಲಿರಿ.